ಕ್ಲಬ್‌ಗಳಿಗೆ ಕೋಣೆ ಮಾಡುವಾಗ ಮೊದಲು ಕಪಾಟು, ಆಮೇಲೆ ಗೋಡೆ

ಕಾಲೇಜಿನ ವಿದ್ಯಾರ್ಥಿ ಕ್ಲಬ್‌ಗಳಿಗೆ ಜಾಗ ಮಾಡಿಕೊಡಿ ಅಂತ ಕರೆದವರು ಮೊದಲು ಕೇಳುವುದು ಸರಿಸುವ ಗೋಡೆಯನ್ನು. ನಾನು ಮೊದಲು ಕೇಳುವುದು, ನಾಟಕದವರ ಸಾಮಾನು ಎಲ್ಲಿರುತ್ತದೆ ಅಂತ. ಬಣ್ಣದ ಡಬ್ಬಿ, ಅರ್ಧ ಕಟ್ಟಿದ ಸೆಟ್ಟು, ರೋಬೋಟ್ ಮಾಡುವವರ ಬ್ಯಾಟರಿ, ಬ್ಯಾನರ್ ಸುರುಳಿ, ಇವೆಲ್ಲ ನೆಲದ ಮೇಲೇ ಉಳಿದರೆ ಗೋಡೆ ಎಷ್ಟು ಸರಿದರೂ ಕೋಣೆ ಒಬ್ಬರದೇ ಆಗಿಬಿಡುತ್ತದೆ, ಉಳಿದವರು ಬಾಗಿಲಲ್ಲೇ ಇಣುಕಿ ವಾಪಸ್ ಹೋಗುತ್ತಾರೆ.

ಹಾಗಾಗಿ ಈ ಸಲ ನಕ್ಷೆ ಶುರು ಮಾಡಿದ್ದೇ ಕಪಾಟಿನಿಂದ. ಉದ್ದನೆಯ ಗೋಡೆ ಪೂರ್ತಿ ಕಪಾಟು, 600 ಮಿ.ಮೀ. ಆಳ, ಕ್ಲಬ್‌ಗೊಂದು ಬೀಗ. ಪಕ್ಕದಲ್ಲಿ ಬಾಗಿಲಿಲ್ಲದ ಒಂದು ಗೂಡು, ಮಡಚಿದ ಮೇಜು ಮತ್ತು ಪೇರಿಸಿದ ಕುರ್ಚಿಗಳಿಗೆ. ಇಷ್ಟು ಜಾಗ ದಂಡ ಅಲ್ವಾ ಅಂತ ಆಡಳಿತದವರು ಗೊಣಗಿದರು. ಕುರ್ಚಿಗೆ ಅದರದೇ ಜಾಗ ಇಲ್ಲದಿದ್ದರೆ ಅದು ಕೋಣೆಯ ನಡುವೆಯೇ ಇರುತ್ತದೆ ಸಾರ್, ಅಂದೆ.

ಮೇಜು 1500 x 600 ಮಿ.ಮೀ., ಹಲಗೆ ಮಡಚಿದರೆ ಒಂದರೊಳಗೊಂದು ಸೇರಿ ನಿಲ್ಲುವಂಥದ್ದು. ಚಕ್ರ ನಾಲ್ಕಕ್ಕೂ ಬ್ರೇಕ್ ಬೇಕು. ಎರಡಕ್ಕೆ ಸಾಕು ಅಂತ ಅಂಗಡಿಯವರು ಹೇಳುತ್ತಾರೆ, ಆದರೆ ಅದರ ಮೇಲೆ ಒಬ್ಬರು ಬಗ್ಗಿ ಚಾರ್ಟ್ ಬರೆಯಲಿ, ಇನ್ನೊಂದು ತುದಿ ಸುಮ್ನೆ ಪಕ್ಕಕ್ಕೆ ಜಾರುತ್ತದೆ. ನನ್ನ ಪರೀಕ್ಷೆ ಸರಳ. ಇಬ್ಬರು ವಿದ್ಯಾರ್ಥಿಗಳು ಯಾರನ್ನೂ ಕರೆಯದೆ ಕೋಣೆ ಖಾಲಿ ಮಾಡಲು ಆಗಬೇಕು. ಪ್ಲಗ್ ಪಾಯಿಂಟ್‌ಗಳನ್ನು ನೆಲದ ಹತ್ತಿರ ಇಡದೆ ಮೇಜಿನ ಮಟ್ಟದಿಂದ ಸ್ವಲ್ಪ ಮೇಲೆ ಕೊಟ್ಟೆವು, ಮೇಜು ಗೋಡೆಗೆ ಒತ್ತಿದರೂ ಕೈಗೆ ಸಿಗಲಿ ಅಂತ.

ಜಾಸ್ತಿ ಜನ ಮರೆಯುವುದು ಬಾಗಿಲು. ಅಮೆರಿಕದಲ್ಲಿ ಬಳಸುವ ಕಟ್ಟಡ ನಿಯಮಾವಳಿಯಾದ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಕೋಣೆಯಲ್ಲಿ ಎಷ್ಟು ಜನ ಅಂತ ಲೆಕ್ಕ ಹಾಕುವಾಗ, ಮೇಜು ಕುರ್ಚಿ ಇದ್ದರೆ ಒಬ್ಬರಿಗೆ 15 ಚದರ ಅಡಿ, ಬರೀ ಬಿಡಿ ಕುರ್ಚಿಯಾದರೆ 7. ಅಂದರೆ 600 ಚದರ ಅಡಿಯ ಕೋಣೆಯಲ್ಲಿ ಮೇಜು ಇರುವ ದಿನ 40 ಜನ, ಮೇಜು ಗೂಡು ಸೇರಿದ ದಿನ 85. ಸಭೆ ಸೇರುವ ಕೋಣೆಯಲ್ಲಿ 49 ದಾಟಿದರೆ ಎರಡು ಬಾಗಿಲು ಬೇಕು. ಹಾಗಾಗಿ ನಾವು ದೊಡ್ಡ ಸಂಖ್ಯೆಗೇ ಲೆಕ್ಕ ಹಾಕಿ ಎರಡನೇ ಬಾಗಿಲು ಇಟ್ಟೆವು. ಅದರ ಮುಂದೆ ಏನೂ ಇಡದಂತೆ ನೆಲಕ್ಕೆ ಬಣ್ಣದ ಪಟ್ಟಿಯನ್ನೂ ಬಳಿದೆವು.

ಸರಿಸುವ ಗೋಡೆಯನ್ನು ಕೊನೆಗೆ ಒಂದು ಕಡೆ ಮಾತ್ರ ಹಾಕಿದ್ದು. ಅದರ ಭಾರ ಮೇಲಿನ ಹಳಿಯಿಂದ ಇಳಿಬೀಳುತ್ತದೆ, ಅದನ್ನು ಹೊರುವ ತೊಲೆ ಇದೆಯೇ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಮೊದಲೇ ಹೇಳಬೇಕು. ಫಾಲ್ಸ್ ಸೀಲಿಂಗ್ ಮೇಲಿನ ಸಂದನ್ನು ಸ್ಲ್ಯಾಬ್ ತನಕ ಮುಚ್ಚದಿದ್ದರೆ ಸದ್ದು ಆ ದಾರಿಯಲ್ಲೇ ಆಚೆ ಹೋಗುತ್ತದೆ. ಡ್ರಮ್ ಬಾರಿಸುವವರಿಗೆ ಈ ಗೋಡೆ ಸಾಲದು, ಸಂಗೀತದವರಿಗೆ ಗಟ್ಟಿ ಗೋಡೆಯ ಬೇರೆ ಕೋಣೆಯನ್ನೇ ಕೊಟ್ಟೆ.

ಮೊಳೆ ಹೊಡೆಯಬಾರದು ಅನ್ನುವ ನಿಯಮದ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬಿಲ್ಡಿಂಗ್ 20 ಉದಾಹರಣೆ ಕೊಟ್ಟೆ. 1943ರಲ್ಲಿ ಯುದ್ಧದ ತುರ್ತಿಗೆ ಮರದಲ್ಲಿ ಕಟ್ಟಿದ ತಾತ್ಕಾಲಿಕ ಕಟ್ಟಡ, 1998ರ ತನಕ ಉಳಿಯಿತು. ಮಾದರಿ ರೈಲಿನ ವಿದ್ಯಾರ್ಥಿ ಕ್ಲಬ್ ಅಲ್ಲೇ ಇತ್ತು. ಒಳಗಿದ್ದವರು ಬೇಕಾದಂತೆ ಗೋಡೆ ಕೊರೆದು ವೈರ್ ಎಳೆದುಕೊಳ್ಳುತ್ತಿದ್ದರು. ನಾವು ಅಷ್ಟು ದೂರ ಹೋಗಲಿಲ್ಲ. ಒಂದು ಗೋಡೆಗೆ 18 ಮಿ.ಮೀ. ಪ್ಲೈವುಡ್ ಹೊದಿಸಿ, ಸ್ಕ್ರೂ, ಮೊಳೆ, ಬಣ್ಣ ಏನು ಬೇಕಾದರೂ ಮಾಡಿಕೊಳ್ಳಿ ಅಂತ ಬಿಟ್ಟೆವು. ಆಡಳಿತದವರು ಒಂದೇ ಶರತ್ತು ಹಾಕಿದರು, ಹಲಗೆ ಬದಲಿಸುವ ಖರ್ಚು ಕ್ಲಬ್‌ಗಳದ್ದು.