ಪೊಳ್ಳಿಲೂರನ್ನು ಮೇಜಿಗೆ ತರುವುದು ಹೇಗೆ: ಆಟವೂ ಉಳಿಯಬೇಕು, ಊರೂ ಕಾಣಬೇಕು

ಯುದ್ಧವೊಂದನ್ನು ಗೊಂಬೆ, ಬಿಲ್ಲೆ, ದಾಳ ಹಿಡಿದು ಮೇಜಿನ ಮೇಲೆ ಆಡುವುದೇ ವಾರ್‌ಗೇಮ್. ಅದನ್ನು ಆಡುವವರ ನಡುವೆ ಮುಗಿಯದ ಜಗಳವೊಂದಿದೆ. ವಾರವಿಡೀ ದುಡಿದು ಬಂದವರು ಭಾನುವಾರ ನಾಲ್ಕು ಗಂಟೆ ಗೊಂಬೆ ಸಿಪಾಯಿಗಳನ್ನು ಸರಿಸಿ ಹಗುರಾಗಲು ಕೂತರೆ, ಅಲ್ಲಿಗೂ ನ್ಯಾಯ ಅನ್ಯಾಯ ತಂದು ತಲೆ ತಿನ್ನಬೇಕೇ ಎಂದು ಒಂದು ಪಕ್ಷ ಕೇಳುತ್ತದೆ. ನಿಜವಾಗಿ ನಡೆದ ಯುದ್ಧವನ್ನು ಆಡುತ್ತ ಅದರಲ್ಲಿ ಸತ್ತವರನ್ನು ಮರೆತರೆ ಹೇಗೆ ಎಂದು ಇನ್ನೊಂದು ಪಕ್ಷ. ಚರ್ಚೆಯಲ್ಲಿ ಇದು ಬಗೆಹರಿದದ್ದು ಕಡಿಮೆ. ನಿಯಮ ಬರೆಯಲು ಕೂತಾಗ ಮಾತ್ರ ಉತ್ತರ ಕೊಡಲೇಬೇಕಾಗುತ್ತದೆ: ಯಾವುದಕ್ಕೆ ಅಂಕ, ಯಾವುದಕ್ಕೆ ಬಿಲ್ಲೆ, ಯಾವುದು ಮೇಜಿನ ಮೇಲೆ ಕಾಣಿಸುವುದೇ ಇಲ್ಲ.

ಇದನ್ನು ಕೈಯಾರೆ ಮಾಡಿ ನೋಡಲು 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನಕ್ಕಿಂತ ಒಳ್ಳೆಯ ವಸ್ತು ಕನ್ನಡಿಗರಿಗೆ ಸಿಗುವುದು ಕಷ್ಟ. ಕಾಂಚೀಪುರದ ಉತ್ತರಕ್ಕೆ ಹೈದರ್ ಅಲಿ ಮತ್ತು ಟಿಪ್ಪುವಿನ ಸೇನೆ ಕರ್ನಲ್ ವಿಲಿಯಂ ಬೇಲಿಯ ಈಸ್ಟ್ ಇಂಡಿಯಾ ಕಂಪನಿ ಪಡೆಯನ್ನು ಸುತ್ತುವರಿದು ಮುಗಿಸಿತು. ಕೆಲವೇ ಮೈಲಿ ದೂರದ ಕಾಂಚಿಯಲ್ಲಿ ಜನರಲ್ ಹೆಕ್ಟರ್ ಮನ್ರೋ ಇನ್ನೊಂದು ಸೇನೆಯೊಂದಿಗೆ ಇದ್ದ; ಹೊತ್ತಿಗೆ ಸರಿಯಾಗಿ ಬರಲಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇದೇ ಕದನದ ಚಿತ್ರವಿದೆ. ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ, ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಆ ಚಿತ್ರವನ್ನು ನೋಡಿ ಸೇನೆಯ ಸಂಖ್ಯೆ, ಜಾಗ ಲೆಕ್ಕ ಹಾಕಲು ಹೋಗಬೇಡಿ. ಅದು ಗೆದ್ದವರು ಬರೆಸಿದ್ದು, ಆಮೇಲೆ ಒಂದಕ್ಕಿಂತ ಹೆಚ್ಚು ಸಲ ಬಣ್ಣ ಬಳಿಸಿಕೊಂಡದ್ದು. ಗೊಂಬೆಗೆ ಬಣ್ಣ ಹಚ್ಚುವಾಗ ಪಕ್ಕದಲ್ಲಿಟ್ಟುಕೊಳ್ಳಲು ಚೆನ್ನಾಗಿದೆ, ಅಷ್ಟೆ.

ಬೇಕಾಗುವ ಸಾಮಾನು

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು. ಎರಡು ಊಟದ ಮೇಜು ಜೋಡಿಸಿದರೂ ಆದೀತು, ಆದರೆ ಸಂದಿಯ ಮೇಲೆ ಬಟ್ಟೆ ಬಿಗಿಯಾಗಿ ಹಾಸಿ. ಇಲ್ಲದಿದ್ದರೆ ಬಿಲ್ಲೆಗಳು ಜಾರಿ ಪ್ರತಿ ಸರದಿಗೂ ಜಗಳ. ಎರಡು ಮಿಲಿಮೀಟರ್ ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಗಟ್ಟಿ ರಟ್ಟಿನಿಂದ 40×20 ಮಿ.ಮೀ. ಬಿಲ್ಲೆ ಕತ್ತರಿಸಿಕೊಳ್ಳಿ. ಅದರ ಮೇಲೆ 6 ಅಥವಾ 10 ಮಿ.ಮೀ. ಗೊಂಬೆ ಅಂಟಿಸಬಹುದು, ಇಲ್ಲವೇ ಬರೀ ಬಣ್ಣದ ಕಾಗದ. ಮೊದಲ ಸಲಕ್ಕೆ ಕಾಗದವೇ ಮೇಲು: ಎರಡು ತಿಂಗಳು ಬಣ್ಣ ಹಚ್ಚಿದ ಮೇಲೆ ನಿಯಮ ಸರಿಯಿಲ್ಲ ಎಂದು ಗೊತ್ತಾದರೆ ಬದಲಿಸಲು ಮನಸ್ಸು ಬರುವುದಿಲ್ಲ.

ಅಳತೆ ಹೀಗಿರಲಿ. ಮೇಜಿನ 1 ಸೆಂ.ಮೀ. ಎಂದರೆ ನೆಲದ 20 ಮೀಟರ್. ಅಂದರೆ ಮೇಜು ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಬಯಲು. ಒಂದು ಸರದಿ ಹತ್ತು ನಿಮಿಷ. ಲೆಕ್ಕದ ಪ್ರಕಾರ ಕಾಲಾಳು ಹತ್ತು ನಿಮಿಷಕ್ಕೆ 35 ಸೆಂ.ಮೀ. ನಡೆಯಬೇಕು. ಆದರೆ ಗಾಡಿ, ಎತ್ತು, ಫಿರಂಗಿ ಎಳೆದುಕೊಂಡು ಸಾಲು ಕೆಡದಂತೆ ಹೋಗುವ ಪಡೆಗೆ 15 ಸೆಂ.ಮೀ. ಸಾಕು. ಕುದುರೆ ಸವಾರರಿಗೆ 30. ಬಂದೂಕಿನ ಏಟು 5 ಸೆಂ.ಮೀ. ತನಕ, ಫಿರಂಗಿ 40, ರಾಕೆಟ್ 50.

ಬೇಲಿಯ ಕೈಯಲ್ಲಿ, ಮನ್ರೋ ಸಹಾಯಕ್ಕೆ ಕಳಿಸಿದ ಕರ್ನಲ್ ಫ್ಲೆಚರ್ ಕರೆತಂದ ಸಾವಿರ ಜನರೂ ಸೇರಿ, ಸುಮಾರು 3,800 ಮಂದಿ. ಬಿಲ್ಲೆಗೆ 200ರಂತೆ 19 ಬಿಲ್ಲೆ. ಅದರಲ್ಲಿ ಎರಡೋ ಮೂರೋ ಮಾತ್ರ ಐರೋಪ್ಯರದು, ಉಳಿದವೆಲ್ಲ ಇಲ್ಲಿಯ ಸಿಪಾಯಿಗಳದು. ಹೊಸಬರು ಇಲ್ಲೇ ಎಡವುತ್ತಾರೆ. ಕೆಂಪು ಕೋಟು ಕಂಡೊಡನೆ ಮುಖಕ್ಕೆಲ್ಲ ಬಿಳಿಬಣ್ಣ ಬಳಿದು 'ನಾವು–ಅವರು' ಆಟ ಮಾಡಿಬಿಡುತ್ತಾರೆ. ಬಣ್ಣದ ಡಬ್ಬಿ ತೆರೆಯುವ ಮುಂಚೆ ಈ ಲೆಕ್ಕ ಗೋಡೆಗೆ ಅಂಟಿಸಿ. ಮೈಸೂರಿನ ಬಿಲ್ಲೆಗೆ 500 ಜನ ಎಂದಿಟ್ಟುಕೊಂಡು ಟಿಪ್ಪುವಿಗೆ 20 ಕೊಡಿ, ನಾಲ್ಕನೇ ಸರದಿಯಿಂದ ಹೈದರನ ಕಡೆ ಇನ್ನೂ 20 ಬರಲಿ. ಹೈದರನ ಸೇನೆ ಇದಕ್ಕಿಂತ ಬಹಳ ದೊಡ್ಡದು, ಆದರೆ ಅಷ್ಟನ್ನೂ ತಂದರೆ ಮೇಜಿನ ಮೇಲೆ ಅಳತೆ ಪಟ್ಟಿ ಇಡಲು ಜಾಗವಿರುವುದಿಲ್ಲ.

"ಇದು ಸಮಬಲದ ಆಟವಲ್ಲವಲ್ಲ!" ಎಂಬ ಆಕ್ಷೇಪ ಬಂದೇ ಬರುತ್ತದೆ. ಆಡುಹುಲಿ ಆಟದಲ್ಲಿ ಮೂರು ಹುಲಿ, ಹದಿನೈದು ಆಡು. ಅಲ್ಲಿ ಯಾರೂ ಸಮಬಲ ಕೇಳಿದವರಿಲ್ಲ. ಗೆಲುವಿನ ಅರ್ಥ ಎರಡು ಕಡೆಗೂ ಬೇರೆ ಇದ್ದರೆ ಸಾಕು. ಬೇಲಿಯ ಆಟಗಾರ ಐದಕ್ಕಿಂತ ಹೆಚ್ಚು ಬಿಲ್ಲೆಗಳನ್ನು ಮೇಜಿನ ದಕ್ಷಿಣ ಅಂಚು ದಾಟಿಸಿದರೆ ಇತಿಹಾಸಕ್ಕಿಂತ ಮೇಲು, ಹಾಗಾಗಿ ಅದೇ ಗೆಲುವು.

ಅಂಪೈರ್ ಮತ್ತು ಇನ್ನೊಂದು ಕೋಣೆ

ಪ್ರಷ್ಯಾದ ರೈಸ್‌ವಿಟ್ಸ್ ಎಂಬ ತರುಣ ಅಧಿಕಾರಿ 1824ರಲ್ಲಿ ಕ್ರೀಗ್ಸ್‌ಶ್ಪೀಲ್ (ಜರ್ಮನ್ ಮಾತಿನಲ್ಲಿ 'ಯುದ್ಧದ ಆಟ') ನಿಯಮಗಳನ್ನು ಅಚ್ಚು ಹಾಕಿಸಿದಾಗ ಆಟದ ಜೀವವೇ ಅಂಪೈರ್ ಆಗಿದ್ದ. ಆಟಗಾರನಿಗೆ ಅವನ ಸೇನೆಗೆ ಕಂಡಷ್ಟೇ ಕಾಣುವಂತೆ ನೋಡಿಕೊಳ್ಳುವುದು ಅವನ ಕೆಲಸ. ಪೊಳ್ಳಿಲೂರಿಗೆ ಅದು ಬೇಕೇ ಬೇಕು. ಐದು ಜನ ಸಾಕು: ಬೇಲಿ, ಹೈದರ್, ಟಿಪ್ಪು, ಮನ್ರೋ, ಅಂಪೈರ್. ಮನ್ರೋ ಬೇರೆ ಕೋಣೆಯಲ್ಲಿ ಕೂರಲಿ. ಫೋನು ಅಂಪೈರ್ ಕೈಯಲ್ಲಿರಲಿ.

ಸಂದೇಶವೆಲ್ಲ ಚೀಟಿಯಲ್ಲಿ, ಹರಿಕಾರನ ಮೂಲಕ. ಪ್ರತಿ ಚೀಟಿಗೂ ಅಂಪೈರ್ ಒಂದು ದಾಳ ಹಾಕುತ್ತಾನೆ. ಒಂದು ಬಿದ್ದರೆ ಚೀಟಿ ಹೈದರನ ಕೈಗೆ. ಎರಡು, ಮೂರು ಬಿದ್ದರೆ ಎರಡು ಸರದಿ ತಡ. ನಾಲ್ಕು ಅಥವಾ ಹೆಚ್ಚು ಬಿದ್ದರೆ ಸರಿಯಾಗಿ ತಲುಪುತ್ತದೆ. ಫಿರಂಗಿ ಹಾರಿದ ಪ್ರತಿ ಸರದಿಗೂ "ಉತ್ತರದಲ್ಲಿ ಸದ್ದು ಕೇಳುತ್ತಿದೆ" ಎಂದಷ್ಟೇ ಮನ್ರೋಗೆ ಹೇಳಿ. ಕಾಂಚಿ ಬಿಟ್ಟು ಹೊರಟರೆ ಅಲ್ಲಿ ಕೂಡಿಟ್ಟ ದವಸಧಾನ್ಯ ಹೋಗುತ್ತದೆ ಎಂಬ ಭಯ ನಿಜವಾದ ಮನ್ರೋಗೂ ಇತ್ತು. ಆಟದಲ್ಲಿ ಆ ಧಾನ್ಯಕ್ಕೆ ಎಂಟು ಬಿಲ್ಲೆ ಇಟ್ಟು ಅವನ ಮುಂದೆಯೇ ಹರಡಿ. ಬೇಲಿಗೆ ಸಹಾಯ ಮಾಡದೆ ಕೂತವನನ್ನು ಹೇಡಿ ಎಂದು ಬಯ್ಯುವುದು ಸುಲಭ. ಕಣ್ಣೆದುರು ಎಂಟು ಬಿಲ್ಲೆ, ಕಿವಿಗೆ ಬರೀ ಸದ್ದು ಇದ್ದಾಗ ತೀರ್ಮಾನ ಎಷ್ಟು ಕಷ್ಟ ಎಂಬುದು ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು. ಈ ಆಟದಲ್ಲಿ ಮೌಲ್ಯದ ಪ್ರಶ್ನೆ ಅತ್ಯಂತ ಗಟ್ಟಿಯಾಗಿ ಎದುರಾಗುವುದು ಒಂದೇ ಒಂದು ಗೊಂಬೆಯೂ ಇಲ್ಲದ ಆ ಕೋಣೆಯಲ್ಲಿ.

ಊರುಗಳು: ಪಾಪದ ಅಂಕ ಬೇಡ

ಕದನ ಒಂದು ಬೆಳಗಿನದು. ಅದನ್ನಷ್ಟೇ ಆಡಿದರೆ ಊರುಗಳು ಹಸಿರು ಬಟ್ಟೆಯ ಮೇಲಿನ ಅಲಂಕಾರ. ಹಾಗಾಗಿ ಸೆಪ್ಟೆಂಬರ್ 6ರಿಂದ, ಟಿಪ್ಪು ಪೆರಂಬಾಕ್ಕಂ ಬಳಿ ಬೇಲಿಯನ್ನು ತಡೆದ ದಿನದಿಂದ ಶುರುಮಾಡಿ. ಅಲ್ಲಿಂದ ಕಾಂಚಿಗೆ ಸುಮಾರು 14 ಮೈಲಿ. ಎ3 ಹಾಳೆಯ ಮೇಲೆ ದಾರಿ, ಕೆರೆ, ನಾಲ್ಕು ಊರು ಬರೆಯಿರಿ. ಪ್ರತಿ ಊರಿಗೆ ಮೂರು ಧಾನ್ಯದ ಬಿಲ್ಲೆ, ಒಬ್ಬ ದಾರಿ ತೋರಿಸುವವನ ಬಿಲ್ಲೆ. ಬೇಲಿಯ ಪಡೆಗೆ ದಿನಕ್ಕೆ ಒಂದು ಧಾನ್ಯ ಬೇಕು, ಟಿಪ್ಪುವಿನ ಕುದುರೆಗಳಿಗೆ ಎರಡು.

ಊರಿನ ಮುಂದೆ ಆಟಗಾರನಿಗೆ ಮೂರು ದಾರಿ. ದುಡ್ಡು ಕೊಟ್ಟು ಕೊಳ್ಳಬಹುದು: ಒಂದು ಧಾನ್ಯಕ್ಕೆ ಒಂದು ನಾಣ್ಯ, ಜೊತೆಗೆ ದಾರಿ ತೋರಿಸುವವನೂ ಸಿಗುತ್ತಾನೆ. ಕಿತ್ತುಕೊಳ್ಳಬಹುದು: ಮೂರೂ ಧಾನ್ಯ ಒಮ್ಮೆಗೇ ಸಿಗುತ್ತದೆ, ಊರು ಖಾಲಿಯಾಗುತ್ತದೆ, ದಾರಿ ತೋರಿಸಲು ಯಾರೂ ಇರುವುದಿಲ್ಲ, ಆಮೇಲೆ ಹರಿಕಾರನ ದಾಳದಲ್ಲಿ ಒಂದು ಕಳೆಯಬೇಕು. ಸುಡಬಹುದು: ಯಾರಿಗೂ ಏನೂ ಇಲ್ಲ. ಪ್ರತಿ ಕಡೆಗೂ ನಾಲ್ಕೇ ನಾಣ್ಯ ಕೊಡಿ.

ಇಲ್ಲಿ ಬಹಳ ಜನ ವಿನ್ಯಾಸಕರು ಮಾಡುವ ತಪ್ಪೊಂದಿದೆ. ಊರು ಸುಟ್ಟರೆ ಐದು ಅಂಕ ಕಡಿತ ಎಂದು ಬರೆದುಬಿಡುತ್ತಾರೆ. ಬರೆದ ಕೂಡಲೇ ಅದು ಬೆಲೆಯಾಗುತ್ತದೆ. ಐದು ಕಳೆದು ಎಂಟು ಗಳಿಸಬಹುದು ಎಂದು ಲೆಕ್ಕ ಹಾಕಿ ಆಟಗಾರ ನೆಮ್ಮದಿಯಾಗಿ ಸುಡುತ್ತಾನೆ, ದಂಡ ಕಟ್ಟಿ ಸಿಗ್ನಲ್ ದಾಟಿದ ಹಾಗೆ. ಅಂಕದ ಬದಲು ಪರಿಣಾಮ ಕೊಡಿ. ದಾರಿ ತೋರಿಸುವವನಿಲ್ಲದೆ ರಾತ್ರಿ ನಡೆದರೆ ದಾಳದಲ್ಲಿ ಒಂದು, ಎರಡು ಬಿದ್ದಾಗ ದಾರಿ ತಪ್ಪಿ ಅರ್ಧ ದೂರ ಮಾತ್ರ. ನಿಜವಾದ ಬೇಲಿ 9ರ ರಾತ್ರಿ ಹೊರಟು ಮಧ್ಯದಲ್ಲೇ ಬೆಳಗಿನ ತನಕ ನಿಂತುಬಿಟ್ಟ. ಅದೇ ಅವನ ದೊಡ್ಡ ತಪ್ಪು ಎಂದು ಬರೆದವರೇ ಹೆಚ್ಚು. ನಿಲ್ಲಬೇಕೋ ನಡೆಯಬೇಕೋ ಎಂಬ ಆ ರಾತ್ರಿಯ ತೀರ್ಮಾನ, ಮೂರು ದಿನದ ಹಿಂದೆ ಊರಿನವರ ಜೊತೆ ಹೇಗೆ ನಡೆದುಕೊಂಡೆ ಎಂಬುದಕ್ಕೆ ಗಂಟುಬಿದ್ದರೆ ಯಾರಿಗೂ ಬೋಧನೆ ಮಾಡಬೇಕಾಗಿಲ್ಲ.

ಆದರೂ ಒಂದು ಸಮಸ್ಯೆ ಉಳಿಯುತ್ತದೆ. ಐದು ದಿನದ ಆಟದಲ್ಲಿ ಸುಡುವುದು ಬಹುಮಟ್ಟಿಗೆ ಲಾಭವೇ. ಹಸಿವು ಬರುವುದು ಆಟ ಮುಗಿದ ಮೇಲೆ. 1780ರಲ್ಲಿ ಮದ್ರಾಸಿನ ಸುತ್ತಣ ಸೀಮೆಯನ್ನು ಪಾಳುಗೆಡವಿದ ಹೈದರನ ಲೆಕ್ಕವೂ ಶತ್ರುವಿಗೆ ಅನ್ನ ಸಿಗಬಾರದು ಎಂಬುದೇ. ಇದಕ್ಕೆ ಮದ್ದು, ಎರಡು ಆಟಗಳನ್ನು ಜೋಡಿಸುವುದು. 1781ರ ಆಗಸ್ಟ್ 27ರಂದು ಇದೇ ಪೊಳ್ಳಿಲೂರಿನಲ್ಲಿ ಬ್ರಿಟಿಷ್ ಜನರಲ್ ಐರ್ ಕೂಟ್ ಮತ್ತು ಹೈದರ್ ನಡುವೆ ಎರಡನೇ ಕದನ ನಡೆಯಿತು. ಕೂಟ್‌ನ ಸೇನೆಗೆ ಧಾನ್ಯದ ಪರದಾಟ ತಪ್ಪಲೇ ಇಲ್ಲ. ಮುಂದಿನ ಭಾನುವಾರ ಅದೇ ಹಾಳೆ ಹರಡಿ. ಖಾಲಿಯಾದ ಊರು ಖಾಲಿಯೇ, ಸುಟ್ಟದ್ದು ಸುಟ್ಟದ್ದೇ. ಎರಡೂ ಕಡೆಯ ಆಟಗಾರರನ್ನು ಅದಲುಬದಲು ಮಾಡಿದರೆ ತಾನು ಸುಟ್ಟ ಊರಿನ ಹತ್ತಿರ ತಾನೇ ಹಸಿದು ನಿಲ್ಲಬೇಕಾಗುತ್ತದೆ.

ರಾಕೆಟ್ ಮತ್ತು ಮದ್ದಿನ ಗಾಡಿ

ಇಲ್ಲಿ ಆಟ ಆಟವಾಗಿರಲಿ. ಮೈಸೂರು ರಾಕೆಟ್ಟಿನ ಬಲ ಅದರ ಕಬ್ಬಿಣದ ಕೊಳವೆ. ಕಾಗದ, ಬಿದಿರಿನ ಕೊಳವೆಗಿಂತ ಹೆಚ್ಚು ಒತ್ತಡ ತಡೆದು ದೂರ ಹಾರುತ್ತಿತ್ತು. ಗುರಿ ಮಾತ್ರ ದೇವರ ಕೈಯಲ್ಲಿ. ಗುರಿ ಇಟ್ಟ ಜಾಗದಿಂದ ಎಂಟು ಮುಖದ ದಾಳ ದಿಕ್ಕು ಹೇಳಲಿ, ಎರಡು ಸಾದಾ ದಾಳದ ಮೊತ್ತದಷ್ಟು ಸೆಂಟಿಮೀಟರ್ ಸರಿಸಿ, ಅಲ್ಲಿಂದ 3 ಸೆಂ.ಮೀ. ಒಳಗಿದ್ದ ಬಿಲ್ಲೆ ಯಾರದ್ದಾದರೂ ಸರಿ, ಒಂದು ಸರದಿ ಗಲಿಬಿಲಿ. ಸ್ವಂತ ಕುದುರೆಗಳ ಮೇಲೇ ಬಿದ್ದಾಗ ಮೇಜಿನ ಸುತ್ತ ಎದ್ದ ನಗುವಿಗೆ ಯಾರೂ ಲಜ್ಜೆಪಡಬೇಕಾಗಿಲ್ಲ.

ಬೇಲಿಯ ಮದ್ದಿನ ಗಾಡಿಗಳು ಸಿಡಿದದ್ದೇ ಕದನದ ತಿರುವು. ಅದನ್ನು ಇಂತಿಷ್ಟನೇ ಸರದಿಗೆ ಸಿಡಿಯಲೇಬೇಕು ಎಂದು ಬರೆಯಬೇಡಿ. ಆಗ ಬೇಲಿಯ ಆಟಗಾರ ಪ್ರೇಕ್ಷಕನಾಗುತ್ತಾನೆ. ಗಾಡಿಯ 5 ಸೆಂ.ಮೀ. ಒಳಗೆ ಏಟು ಬಿದ್ದಾಗಲೆಲ್ಲ ಒಂದು ದಾಳ. ಆರು ಬಿದ್ದರೆ ಸಿಡಿತ. ಆಟದಲ್ಲಿ ಇಂಥ ಆರು ಸಂದರ್ಭ ಬಂದರೆ ಒಮ್ಮೆಯಾದರೂ ಸಿಡಿಯುವ ಸಾಧ್ಯತೆ ಸುಮಾರು ಶೇ. 67. ಗಾಡಿಯನ್ನು ಕೆರೆ ಏರಿಯ ಮರೆಗೆ ಒಯ್ದರೆ ಅಪಾಯ ತಗ್ಗುತ್ತದೆ, ಆದರೆ ದೂರವಾದ ಬಿಲ್ಲೆಗಳಿಗೆ ಮದ್ದು ಸಿಗುವುದಿಲ್ಲ. ಗಾಡಿಯಿಂದ 20 ಸೆಂ.ಮೀ. ಆಚೆ ಇರುವ ಬಿಲ್ಲೆ ನಾಲ್ಕು ಸರದಿ ಮಾತ್ರ ಗುಂಡು ಹಾರಿಸಲಿ.

ಶರಣಾಗತಿ

ಹೆಚ್ಚಿನ ನಿಯಮಪುಸ್ತಕಗಳಲ್ಲಿ ಶರಣಾಗಲು ದಾರಿಯೇ ಇರುವುದಿಲ್ಲ, ಎಲ್ಲರೂ ಕೊನೆಯ ಬಿಲ್ಲೆಯ ತನಕ ಕಾದು ಪೆಟ್ಟಿಗೆ ಸೇರುತ್ತಾರೆ. ವಾರ್‌ಗೇಮಿನ ಅತಿ ದೊಡ್ಡ ಸುಳ್ಳು ಅದು. ಬೇಲಿ ಶರಣಾದ, ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ, 1782ರಲ್ಲಿ ಅಲ್ಲೇ ಸತ್ತ. ಅವನೊಂದಿಗೆ ಸೆರೆಸಿಕ್ಕ ಡೇವಿಡ್ ಬೇರ್ಡ್ 1799ರಲ್ಲಿ ಅದೇ ಕೋಟೆಯ ಮೇಲಿನ ದಾಳಿಯ ಮುಂದಾಳಾಗಿ ಬಂದ.

ನಿಯಮ: ಶರಣು ಎಂದು ಹೇಳಿದ ಸರದಿಯಲ್ಲಿ ಎರಡು ಕಡೆಯವರೂ ಒಂದೊಂದು ದಾಳ ಹಾಕಿ. ಯಾರಿಗಾದರೂ ಒಂದು, ಎರಡು ಬಿದ್ದರೆ ಆ ಕಡೆಯ ಗುಂಡು ಇನ್ನೂ ಒಂದು ಸರದಿ ನಿಲ್ಲುವುದಿಲ್ಲ. ಶರಣು ಸೂಚಿಸಿದ ಮೇಲೂ ಹೊಡೆತ ನಿಲ್ಲಲಿಲ್ಲ ಎಂಬ ಮಾತು ಬ್ರಿಟಿಷರ ಬರಹಗಳಲ್ಲಿದೆ. ನಿಲ್ಲಿಸಬೇಕೆಂದಿದ್ದರೆ ಸೇನಾಪತಿ ಆ ಸರದಿಯ ಬೇರೆಲ್ಲ ಆಜ್ಞೆ ಬಿಟ್ಟು ಸ್ವತಃ ಅಲ್ಲಿಗೆ ಹೋಗಬೇಕು. ಸೆರೆಯಾದ ಬಿಲ್ಲೆಗಳನ್ನು ಪೆಟ್ಟಿಗೆಗೆ ಹಾಕದೆ ಮೇಜಿನ ಅಂಚಿನಲ್ಲಿ ಸಾಲಾಗಿ ಇಡಿ.

ಕೂರುವ ಮುಂಚೆ ಹದಿನೈದು ನಿಮಿಷ

ಟಿಪ್ಪು ಎಂದೊಡನೆ ಈಚಿನ ರಾಜಕೀಯದ ವಾದ ಮೇಜಿಗೆ ಬಂದು ಕೂರುತ್ತದೆ. ತಡೆಯಲು ಒಂದೇ ಗೆರೆ ಎಳೆಯಿರಿ: 1780ರ ಸೆಪ್ಟೆಂಬರ್ 10ರ ಸಂಜೆಯ ತನಕ ಗೊತ್ತಿದ್ದದ್ದು ಮಾತ್ರ ಆಟದೊಳಗೆ. ಅಂದು ದೊರೆತನ ಹೈದರನದು, ಟಿಪ್ಪು ಮೂವತ್ತು ತುಂಬುವ ಹೊತ್ತಿನ ದಳಪತಿ. ಯಾರಿಗಾದರೂ ಯಾವುದಾದರೂ ಪಾತ್ರ ಬೇಡವೆನಿಸಿದರೆ ಕಾರಣ ಕೇಳದೆ ಬದಲಿಸಿ. ಸುಡುವ ನಿಯಮ ಬೇಡ ಎಂದು ಒಬ್ಬರು ಹೇಳಿದರೂ ಆ ದಾರಿಯನ್ನು ಎಲ್ಲರಿಗೂ ಮುಚ್ಚಿ, ಆದರೆ ಮುಚ್ಚಿದ್ದೇವೆ ಎಂದು ಹಾಳೆಯ ಮೇಲೆ ಬರೆಯಿರಿ.

ಬಾಹ್ಯಾಕಾಶದ, ಮಾಂತ್ರಿಕರ ಆಟ ಆಡುವವರಿಗೆ ಇದೆಲ್ಲ ಬೇಕಿಲ್ಲ ಎನ್ನಿಸಬಹುದು. ಅಲ್ಲಿ ಊರುಗಳ ಲೆಕ್ಕ ಬಿಟ್ಟರೆ ನಷ್ಟವಿಲ್ಲ, ಆದರೆ ಬಟ್ಟೆ ಮತ್ತು ಲಾಂಛನಕ್ಕೆ ನಿಯಮ ಬೇಕು. ಸ್ಪೇನಿನ ಒಂದು ಪಂದ್ಯಾವಳಿಗೆ ಆಟಗಾರನೊಬ್ಬ ನಾಜಿ ಗುರುತುಗಳನ್ನು ತೊಟ್ಟು ಬಂದ ಮೇಲೆ, 2021ರಲ್ಲಿ ವಾರ್‌ಹ್ಯಾಮರ್ ಎಂಬ ಕಲ್ಪಿತ ಲೋಕದ ಗೊಂಬೆಯಾಟವನ್ನು ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಕಂಪನಿ ತನ್ನ ಕಥೆಯ ಸಾಮ್ರಾಜ್ಯ ವಿಡಂಬನೆಯೇ ಹೊರತು ಆದರ್ಶವಲ್ಲ ಎಂದು ಬಿಡಿಸಿ ಹೇಳಬೇಕಾಯಿತು.

ಆಟಕ್ಕೆ ಮೂರೂವರೆ ಗಂಟೆ, ಕೊನೆಗೆ ಇಪ್ಪತ್ತು ನಿಮಿಷ ಮಾತಿಗೆ. ಬಿಲ್ಲೆಗಳನ್ನು ಎತ್ತುವ ಮುಂಚೆಯೇ ಮಾತಾಡಿ. ಮೇಜು ಖಾಲಿಯಾದರೆ ಎಲ್ಲರೂ ಚಹಾ ಕಡೆ ಹೋಗುತ್ತಾರೆ. ಅಂಪೈರ್ ಅಂಕ ಓದಲಿ, ಆಮೇಲೆ ಖಾಲಿಯಾದ ಊರುಗಳ ಹೆಸರನ್ನು ಯಾವ ಅಂಕವೂ ಇಲ್ಲದೆ ಓದಲಿ. ಕೊನೆಗೆ ಮನ್ರೋನನ್ನು ಪಕ್ಕದ ಕೋಣೆಯಿಂದ ಕರೆಯಿರಿ. ತನಗೆ ಬಂದ ಚೀಟಿಗಳನ್ನು ಬಂದ ಹೊತ್ತಿನ ಸಮೇತ ಅವನು ಓದಲಿ, ಬೇಲಿಯ ಆಟಗಾರ ತಾನು ಬರೆದ ಹೊತ್ತನ್ನು ಪಕ್ಕದಲ್ಲಿ ಗುರುತು ಹಾಕಿಕೊಳ್ಳಲಿ.