ಒಂಟೆ ಸೊರೆ ಬಿಡುವ ಎರಡು ನಿಮಿಷ

ಹಸುವಿನ ಹಾಲು ಕರೆದು ಪಳಗಿದ ಕೈಗೂ ಒಂಟೆಯ ಕೆಚ್ಚಲು ಸುಲಭಕ್ಕೆ ಒಲಿಯುವುದಿಲ್ಲ. ಹಸುವಿನ ಕೆಚ್ಚಲಿನ ತಳದಲ್ಲಿ ಒಂದಿಷ್ಟು ಹಾಲು ಮೊದಲೇ ಇಳಿದು ನಿಂತಿರುತ್ತದೆ. ಒಂಟೆಯಲ್ಲಿ ಹಾಗೆ ನಿಲ್ಲುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಮಿಕ್ಕಿದ್ದೆಲ್ಲ ಮೇಲಿನ ಗ್ರಂಥಿಗಳಲ್ಲೇ ಉಳಿದು, ಮರಿ ಬಾಯಿ ಹಾಕಿ ತಾಯಿಯ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದಾಗ ಇಳಿಯುತ್ತದೆ. ಹೀಗೆ ಹಾಲು ಇಳಿಯುವ ಸೊರೆ ಇರುವುದು ಒಂದೂವರೆ, ಹೆಚ್ಚೆಂದರೆ ಎರಡು ನಿಮಿಷ. ರಾಜಸ್ಥಾನದ ಬೀಕಾನೇರ್, ಪಾಲಿ ಕಡೆಯ ಒಂಟೆಗಳನ್ನು ಕರೆಯುವ ನಮ್ಮ ಕ್ರಮವೆಲ್ಲ ಈ ಎರಡು ನಿಮಿಷಕ್ಕೆ ಹೊಂದಿಕೊಂಡದ್ದು.

ಮೊದಲೇ ಪಾತ್ರೆ ತೊಳೆದು, ಬಟ್ಟೆ ಸೋಸಣಿಗೆ ಕಟ್ಟಿ, ಕೈ ಒರೆಸಿಕೊಂಡು ನಿಂತಿರಬೇಕು. ಆಮೇಲೆ ಮರಿಯನ್ನು ಬಿಡುವುದು. ತೊಟ್ಟು ಉಬ್ಬಿ ಬಿಗಿಯಾದದ್ದು ಕಂಡ ಕೂಡಲೇ ಕರೆಯಲು ಶುರು. ಕೆಚ್ಚಲು ಎತ್ತರದಲ್ಲಿರುವುದರಿಂದ ಕುಕ್ಕರಗಾಲಲ್ಲಿ ಕೂತರೆ ಆಗದು. ರಾಯಿಕಾ ದನಗಾಹಿಗಳು ಒಂಟಿಕಾಲಲ್ಲಿ ನಿಂತು, ಮಡಿಸಿದ ಇನ್ನೊಂದು ಕಾಲಿನ ತೊಡೆಯ ಮೇಲೆ ಪಾತ್ರೆ ಇಟ್ಟು ಎರಡೂ ಕೈಯಿಂದ ಕರೆಯುತ್ತಾರೆ. ಇದಕ್ಕಿಂತ ಒಳ್ಳೆಯ ಭಂಗಿ ನಾನು ಕಂಡಿಲ್ಲ. ನಾಲ್ಕು ತೊಟ್ಟಿನಲ್ಲಿ ಒಂದು ಬದಿಯ ಎರಡು ನಮಗೆ, ಇನ್ನೊಂದು ಬದಿಯ ಎರಡು ಮರಿಗೆ. ಮರಿ ಚೀಪುತ್ತಲೇ ಇದ್ದರೆ ತಾಯಿ ಸೊರೆ ಏರಿಸಿಕೊಳ್ಳುವುದಿಲ್ಲ. ನಡುವೆ ಮರಿಯನ್ನು ಎಳೆದರೆ, ಅಪರಿಚಿತರು ಬಂದರೆ, ನಾಯಿ ಬೊಗಳಿದರೆ ಹಾಲು ಅಲ್ಲಿಗೇ ನಿಂತಿತು.

ಮರಿ ಎಲ್ಲ ಕುಡಿದುಬಿಡುತ್ತದೆಂದು ಕೆಲವರು ತೊಟ್ಟಿಗೆ ದಾರ ಬಿಗಿಯುತ್ತಾರೆ. ಇದನ್ನು ಖಂಡಿತ ಮಾಡಬಾರದು. ದಾರ ಚರ್ಮವನ್ನು ಕೊಯ್ಯುತ್ತದೆ, ಗಾಯದಿಂದ ಸೋಂಕು ಹತ್ತಿ ಕೆಚ್ಚಲು ಬಾವಾಗುತ್ತದೆ. ಒಂಟೆಯ ಒಂದೊಂದು ತೊಟ್ಟಿಗೂ ಸಾಮಾನ್ಯವಾಗಿ ಎರಡು ರಂಧ್ರ, ಒಳಗೆ ಬೇರೆ ಬೇರೆ ನಾಳ. ಹಾಗಾಗಿ ಬಾವು ನೋಡುವಾಗ ಎರಡೂ ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಬೇಕು. ಒಂದು ಶುದ್ಧವಾಗಿದ್ದು ಇನ್ನೊಂದರಲ್ಲಿ ಗರಣೆ ಬರುವುದುಂಟು. ತೊಟ್ಟಿನ ಬುಡದ ಉಣ್ಣೆ ಹುಳುಗಳನ್ನೂ ಆಗಲೇ ಕೀಳಬೇಕು.

ಮರಿ ಸತ್ತರೆ ಹಾಲೂ ಬತ್ತುತ್ತದೆ. ಗರ್ಭ ಸುಮಾರು 13 ತಿಂಗಳು, ಮುಂದಿನ ಮರಿಗೆ ಎರಡು ವರ್ಷ ಕಾಯಬೇಕು. ತಾಯಿಯ ಪ್ರತಿಕಾಯಗಳು ಗರ್ಭದಲ್ಲಿ ಮರಿಗೆ ದಾಟುವುದಿಲ್ಲವಾದ್ದರಿಂದ ಹುಟ್ಟಿದ ಕೆಲವೇ ಗಂಟೆಯೊಳಗೆ ಗಿಣ್ಣು ಹೊಟ್ಟೆಗೆ ಹೋಗಲೇಬೇಕು. ಮೊದಲ ಎರಡು ತಿಂಗಳು ನಾವು ಕರೆಯುವುದೇ ಇಲ್ಲ.

ಮೇವು ಗೋರಿಕಾಯಿ ಹೊಟ್ಟು, ಮಡಕೆ ಕಾಳಿನ ಸೊಪ್ಪು, ಖೇಜಡಿ ಎಲೆ. ಖೇಜಡಿ ಎಂದರೆ ದಸರೆಯಲ್ಲಿ ನಾವು ಪೂಜಿಸುವ ಬನ್ನಿಯೇ. ಉಪ್ಪು ಗಿಡಗಳ ಮೇವಿಲ್ಲದ ಕಡೆ ದಿನಕ್ಕೆ 50–60 ಗ್ರಾಂ ಉಪ್ಪು ಕೊಡಬೇಕು. ಒಂಟೆಗೆ ನೀರು ಬೇಡವೆಂಬ ಮಾತು ಕರೆಯುವ ಒಂಟೆಗೆ ಸಲ್ಲದು: ಬಾಯಾರಿದಾಗಲೂ ಅದು ಮರಿಗಾಗಿ ಹಾಲನ್ನು ಇನ್ನಷ್ಟು ನೀರಾಗಿಸಿ ಕೊಡುತ್ತದೆ, ಜಿಡ್ಡು ಇಳಿಯುತ್ತದೆ.

ಮಳೆಗಾಲದ ನಂತರ ಹಾಲು ಏಕಾಏಕಿ ಕುಸಿದರೆ ಕುದುರೆ ನೊಣ ಹರಡುವ ಸರ್ರಾ ರೋಗವನ್ನು ಶಂಕಿಸಬೇಕು. ಒಂದು ಸಲದ ಜ್ವರಮಾಪನ ನಂಬಬೇಡಿ. ಬೇಸಿಗೆಯಲ್ಲಿ ಬಾಯಾರಿದ ಆರೋಗ್ಯವಂತ ಒಂಟೆಯ ಮೈ ಬೆಳಗಿನ 34 ಡಿಗ್ರಿಯಿಂದ ಸಂಜೆಗೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನಸುಕಿನಲ್ಲಿ ಅಳೆದು, ರಕ್ತ ಪರೀಕ್ಷೆ ಮಾಡಿಸಬೇಕು. ಪಶುವೈದ್ಯರು ಸಾಮಾನ್ಯವಾಗಿ ಕ್ವಿನಾಪೈರಮಿನ್ ಕೊಡುತ್ತಾರೆ. ದನಗಳಿಗೆ ಬಳಸುವ ಡಿಮಿನಾಜೀನ್ ಒಂಟೆಗೆ ವಿಷವಾಗಬಲ್ಲದು.

ಕರೆದ ಹಾಲನ್ನು ಕೂಡಲೇ ಸೋಸಿ 4 ಡಿಗ್ರಿಗೆ ತಣಿಸುತ್ತೇವೆ. ಬ್ರುಸೆಲ್ಲಾ ರೋಗಾಣುವಿನ ಭಯವಿರುವುದರಿಂದ ಕಾಯಿಸದೆ ಕುಡಿಯಬಾರದು. ಹೆಪ್ಪು ಹಾಕಿದರೆ ಹುಳಿಯಾಗುತ್ತದೆಯೇ ಹೊರತು ಗಟ್ಟಿ ಮೊಸರಾಗುವುದಿಲ್ಲ. ಕಪ್ಪಾ-ಕೇಸೀನ್ ಎಂಬ ಪ್ರೋಟೀನು ಇದರಲ್ಲಿ ಬಹಳ ಕಡಿಮೆ. ಬೆಣ್ಣೆಗೂ ತಾಳ್ಮೆ ಬೇಕು. ಜಿಡ್ಡಿನ ಕಣಗಳು ಸಣ್ಣವು, ಕರಗುವ ಬಿಸಿಯೂ ಹೆಚ್ಚು. ಕೆನೆಯನ್ನು 20–25 ಡಿಗ್ರಿಯಲ್ಲಿಟ್ಟು ಕಡೆದರೆ ಬೆಣ್ಣೆ ಕೂಡುತ್ತದೆ. ಹಸುವಿನ ಕೆನೆಯಂತೆ 10–12 ಡಿಗ್ರಿಗೆ ತಣಿಸಿದರೆ ಎಷ್ಟು ಕಡೆದರೂ ನೊರೆಯೇ.