ಎದುರುಗಾಳಿ ಮತ್ತು ಕ್ಯಾರಿಯರ್: ಹಳೆಯ ಆಲ್ಟೊದ ಮೈಲೇಜಿಗಾಗಿ ನಾನು ಮಾಡಿದ ಪ್ರಯೋಗಗಳು

ಉಡುಪಿಯ ಬನ್ನಂಜೆಯಲ್ಲಿರುವ ಮನೆಯಿಂದ ಮಂಗಳೂರಿನ ಕೊಟ್ಟಾರದ ಕಚೇರಿಗೆ ಹೋಗಿಬರಲು ನನಗೆ ದಿನಕ್ಕೆ ಹೆಚ್ಚುಕಡಿಮೆ 110 ಕಿಲೋಮೀಟರ್ ಆಗುತ್ತದೆ. ಎರಡು ತುದಿಗಳ ಪೇಟೆಯ ಓಡಾಟ ಮತ್ತು ಹೆಜಮಾಡಿಯ ಟೋಲ್ ಸಾಲನ್ನು ಬಿಟ್ಟರೆ ಉಳಿದದ್ದೆಲ್ಲ ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ. ಆದ್ದರಿಂದ ನನ್ನ ಆಲ್ಟೊ 800 ಬಹುಪಾಲು ಸಮಯ 80ರ ಆಸುಪಾಸಿನ ವೇಗದಲ್ಲೇ ಓಡುತ್ತದೆ. ಲೀಟರಿಗೆ 18.6 ಕಿಲೋಮೀಟರ್ ಬರುತ್ತಿದ್ದ ಮೈಲೇಜನ್ನು ಎಂಜಿನ್ನಿಗೆ ಕೈ ಹಾಕದೆ, ಗಾಳಿಯ ತಡೆಯನ್ನಷ್ಟೇ ತಗ್ಗಿಸಿ ಎಷ್ಟು ಏರಿಸಬಹುದೆಂದು ನೋಡುವ ಹುಚ್ಚು ನನಗೆ ಹಿಡಿದದ್ದು ಹೀಗೆ.

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಸಣ್ಣ ಹ್ಯಾಚ್‌ಬ್ಯಾಕ್‌ಗೆ ಡ್ರ್ಯಾಗ್ ಗುಣಾಂಕ (ಗಾಡಿಯ ಆಕಾರ ಗಾಳಿಗೆ ಎಷ್ಟು ಅಡ್ಡಿಯಾಗುತ್ತದೆ ಎಂಬುದರ ಅಳತೆ) 0.35 ಎಂದೂ ಎದುರಿನ ವಿಸ್ತೀರ್ಣ 1.87 ಚದರ ಮೀಟರ್ ಎಂದೂ ಅಂದಾಜಿಸಿದರೆ, ಗಾಳಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸುಮಾರು 105 ನ್ಯೂಟನ್, 80ರಲ್ಲಿ 186, 100ರಲ್ಲಿ 291 ನ್ಯೂಟನ್ ಬಲದಿಂದ ಕಾರನ್ನು ಹಿಂದಕ್ಕೆ ತಳ್ಳುತ್ತದೆ. ನನ್ನನ್ನೂ ಸೇರಿಸಿ 800 ಕಿಲೋ ತೂಗುವ ಗಾಡಿಯ ಟಯರುಗಳ ಉರುಳುತಡೆ ಈ ಎಲ್ಲ ವೇಗಗಳಲ್ಲೂ 95 ನ್ಯೂಟನ್ನಿನ ಹತ್ತಿರವೇ ಇರುತ್ತದೆ. ಅಂದರೆ 60ರಲ್ಲಿ ಸರಿಸಮವಾಗಿರುವ ಗಾಳಿ ಮತ್ತು ಟಯರು, 80ಕ್ಕೆ ಬರುವಷ್ಟರಲ್ಲಿ ಎರಡಕ್ಕೆ ಒಂದು ಎಂಬಂತಾಗುತ್ತವೆ. ಪೇಟೆಯೊಳಗೇ ಓಡಾಡುವವರಿಗೆ ಈ ಪ್ರಯೋಗಗಳಿಂದ ಕವಡೆಯಷ್ಟೂ ಲಾಭವಿಲ್ಲ ಎನ್ನುವುದು ಇಲ್ಲಿಗೇ ಸ್ಪಷ್ಟವಾಯಿತು.

ಅಳತೆಗೆ ಎರಡು ದಾರಿಗಳನ್ನು ಇಟ್ಟುಕೊಂಡೆ. ಒಂದೇ ಬಂಕಿನ ಒಂದೇ ಪಂಪಿನಲ್ಲಿ, ನಳಿಕೆ ತಾನಾಗಿ ಮೊದಲ ಸಲ ನಿಲ್ಲುವವರೆಗೆ ಮಾತ್ರ ಪೆಟ್ರೋಲ್ ತುಂಬಿಸಿ, ಸುಮಾರು 550 ಕಿಲೋಮೀಟರಿಗೊಮ್ಮೆ ಲೆಕ್ಕ ಬರೆಯುವುದು ಮೊದಲನೆಯದು. ಭಾನುವಾರ ಬೆಳಗಿನ ಜಾವ ಪಡುಬಿದ್ರಿಯ ಬಳಿ ರಸ್ತೆ ಖಾಲಿಯಿದ್ದಾಗ, ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ವೇಗ 80ರಿಂದ 60ಕ್ಕೆ ಇಳಿಯಲು ಎಷ್ಟು ಸೆಕೆಂಡು ಬೇಕೆಂದು ನೋಡುವುದು ಎರಡನೆಯದು; ಹೆಚ್ಚು ಸೆಕೆಂಡು ಹಿಡಿದಷ್ಟೂ ತಡೆ ಕಡಿಮೆ ಎಂದರ್ಥ. ಎಂಜಿನ್ ಚಾಲೂ ಇರಲೇಬೇಕು, ಇಲ್ಲವಾದರೆ ಬ್ರೇಕಿನ ಬಲ ಹೋಗುತ್ತದೆ. ಹಿಂದೆ ವಾಹನ ಕಂಡರೆ ಆ ಓಟವನ್ನು ಕೈಬಿಡಬೇಕು. ಕಣ್ಣಿಗೆ ಸಮತಟ್ಟಾಗಿ ಕಾಣುವ ರಸ್ತೆಯೂ ಸಮತಟ್ಟಲ್ಲ, ಮಧ್ಯಾಹ್ನವಾದರೆ ಕಡಲಗಾಳಿ ಅಡ್ಡಲಾಗಿ ಬಡಿಯತೊಡಗುತ್ತದೆ. ಆದ್ದರಿಂದ ಎರಡೂ ದಿಕ್ಕುಗಳಲ್ಲಿ ಐದೈದು ಸಲ ಓಡಿಸಿ ಸರಾಸರಿ ತೆಗೆಯುತ್ತಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಂಕಿಗಳನ್ನು ಪೂರ್ತಿಯಾಗಿ ಬದಿಗಿಟ್ಟೆ, ಏಕೆಂದರೆ ಟಯರು ನೀರನ್ನು ಸೀಳುತ್ತ ಸಾಗುವಾಗ ಉರುಳುತಡೆಯೇ ಬೇರೆಯಾಗುತ್ತದೆ.

ಮೊದಲು ಇಳಿದದ್ದು ಚಾವಣಿಯ ಮೇಲಿನ ಕ್ಯಾರಿಯರ್. ಮೂರು ವರ್ಷದ ಹಿಂದೆ ಮನೆ ಬದಲಿಸುವಾಗ ಹಾಕಿಸಿದ್ದು, ಆಮೇಲೆ ಅದರ ಮೇಲೆ ಒಂದು ತೆಂಗಿನಕಾಯಿ ಗೋಣಿಯನ್ನೂ ಇಟ್ಟಿರಲಿಲ್ಲ. ಅದು ಇದ್ದಾಗ 80ರಿಂದ 60ಕ್ಕೆ ಇಳಿಯಲು ಹದಿನಾರೂವರೆ ಸೆಕೆಂಡು, ಬಿಚ್ಚಿದ ಮೇಲೆ ಹದಿನೆಂಟೂವರೆ. ಮೂರು ಟ್ಯಾಂಕುಗಳ ಸರಾಸರಿ 18.6ರಿಂದ 20ಕ್ಕೆ ಏರಿತು. ತಡೆ ಶೇಕಡಾ 11ರಷ್ಟು ಇಳಿದರೂ ಪೆಟ್ರೋಲ್ ಉಳಿದದ್ದು ಶೇಕಡಾ 7ರಷ್ಟು ಮಾತ್ರ. ಪೆಟ್ರೋಲ್ ಎಂಜಿನ್ನಿನ ಮೇಲಿನ ಹೊರೆ ಕಡಿಮೆಯಾದಷ್ಟೂ ಅದರ ದಕ್ಷತೆಯೂ ತುಸು ಕುಗ್ಗುತ್ತದೆ, ಪೇಟೆಯ ಓಡಾಟವೂ ಲೆಕ್ಕದಲ್ಲಿ ಸೇರಿರುತ್ತದೆ. ವ್ಯತ್ಯಾಸಕ್ಕೆ ಕಾರಣ ಇವೇ. ನಾಲ್ಕು ಬೋಲ್ಟ್ ಬಿಚ್ಚಿ ಪಡೆದ ಈ ಲಾಭವನ್ನು ಆಮೇಲಿನ ಯಾವ ಕೈಚಳಕವೂ ಮೀರಿಸಲಿಲ್ಲ.

ಗಾಳಿ ಎಲ್ಲಿ ಅಂಟಿಕೊಂಡು ಹರಿಯುತ್ತದೆ, ಎಲ್ಲಿ ಕಳಚಿಕೊಳ್ಳುತ್ತದೆ ಎಂದು ತಿಳಿಯಲು ಗೇಣುದ್ದಕ್ಕಿಂತ ಚಿಕ್ಕ ಉಣ್ಣೆಯ ದಾರದ ತುಂಡುಗಳನ್ನು ಕಾರಿನ ಮೈಗೆಲ್ಲ ಟೇಪಿನಿಂದ ಅಂಟಿಸಿದೆ. ಪಕ್ಕದ ಮನೆಯವರು ಗೇಟಿನ ಬಳಿ ನಿಂತು, "ಎಂತ ಮಾರಾಯ್ರೆ, ಗಾಡಿಗೂ ಸಿರಿ ಕಟ್ಟಿದ್ದೀರಾ?" ಎಂದು ಭೂತಕೋಲದ ತೆಂಗಿನ ಗರಿಯ ಉಡುಗೆಯನ್ನು ನೆನೆದು ಕೇಳಿದರು. ಭಾವ ತಮ್ಮ ಕಾರಿನಲ್ಲಿ ಹಿಂದಿನಿಂದಲೂ ಪಕ್ಕದಿಂದಲೂ ಬರುತ್ತಿದ್ದಾಗ ಅವರ ಮಗ ಮೊಬೈಲಿನಲ್ಲಿ ಚಿತ್ರೀಕರಿಸಿದ. ಬಾನೆಟ್ ಮತ್ತು ಚಾವಣಿಯ ದಾರಗಳು ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದ್ದವು. ಕನ್ನಡಿಗಳ ಹಿಂದಿನವು ಚಡಪಡಿಸುತ್ತಿದ್ದವು. ಹಿಂಬಾಗಿಲಿನ ಗಾಜಿನ ಮೇಲಿನವು ಮಾತ್ರ ದಿಕ್ಕೆಟ್ಟು ಸುತ್ತುತ್ತ, ಕೆಲವೊಮ್ಮೆ ಮೇಲ್ಮುಖವಾಗಿ ನಿಲ್ಲುತ್ತಿದ್ದವು. ಚಾವಣಿಯ ಅಂಚಿನಲ್ಲಿ ಕಳಚಿಕೊಂಡ ಗಾಳಿ ಕಾರಿನ ಬೆನ್ನಿಗೆ ಕಡಿಮೆ ಒತ್ತಡದ ಒಂದು ಸುಳಿಯನ್ನು ಬಿಟ್ಟುಹೋಗುತ್ತದೆ, ಆ ಸುಳಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಹಿಂಭಾಗವನ್ನು ದೋಣಿಯ ಹಿಂತುದಿಯಂತೆ ಕಿರಿದಾಗಿಸಿ ಹಠಾತ್ತಾಗಿ ಕತ್ತರಿಸಿದರೂ ಈ ಎಳೆತ ಬಹಳಷ್ಟು ಇಳಿಯುತ್ತದೆ ಎಂಬುದನ್ನು 1930ರ ದಶಕದಲ್ಲೇ ಜರ್ಮನಿಯ ಎಂಜಿನಿಯರ್ ವುನಿಬಾಲ್ಡ್ ಕಾಮ್ ತೋರಿಸಿಕೊಟ್ಟಿದ್ದರು. ಸನ್‌ಪ್ಯಾಕ್ ಶೀಟಿನಿಂದ (ಫಲಕಗಳಿಗೆ ಬಳಸುವ ಹಗುರ ಪ್ಲಾಸ್ಟಿಕ್ ಹಾಳೆ) ಅಂಥದೊಂದನ್ನು ನಾನೂ ಮಾಡಿದೆ. ಅದರಿಂದ ಹಿಂದಿನ ನೋಟ ಅರ್ಧ ಮುಚ್ಚಿತು, ಒಂದು ಬದಿಯ ದೀಪವೂ ಮರೆಯಾಯಿತು. ಒಂದೇ ಬೆಳಗಿಗೆ ಅದನ್ನು ಕಿತ್ತುಹಾಕಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ ಎಂಬುದನ್ನೂ ಇಂಥ ಹುಚ್ಚು ಇರುವವರು ನೆನಪಿಡಬೇಕು.

ಚಕ್ರದ ಮುಚ್ಚಳಗಳ ಕಥೆಯಲ್ಲಿ ನಾನು ಚೆನ್ನಾಗಿಯೇ ಮೋಸಹೋದೆ. ತಿರುಗುವ ಚಕ್ರದ ತೂತುಗಳು ಗಾಳಿಯನ್ನು ಕಡೆಯುತ್ತವೆ, ಆದ್ದರಿಂದ ಚಪ್ಪಟೆ ಮುಚ್ಚಳ ಒಳ್ಳೆಯದು ಎಂದು ಓದಿದ್ದೆ. ರಥಬೀದಿಯ ಸಮೀಪದ ಪಾತ್ರೆ ಅಂಗಡಿಯಿಂದ ನಾಲ್ಕು ಅಲ್ಯುಮಿನಿಯಂ ಮುಚ್ಚಳಗಳನ್ನು ತಂದು, ಹಿಡಿ ಕಳಚಿ, ಅಂಚನ್ನು ಅರದಿಂದ ಉಜ್ಜಿ, ಹಳೆಯ ಪ್ಲಾಸ್ಟಿಕ್ ವೀಲ್ ಕ್ಯಾಪುಗಳಿಗೆ ಸ್ಕ್ರೂ ಹಾಕಿ ಕೂರಿಸಿದೆ. ಮುಂದಿನ ಎರಡು ಟ್ಯಾಂಕುಗಳು 21.6 ಕೊಟ್ಟವು. ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಕಾರಿನ ಕಂಪ್ಯೂಟರಿನಿಂದ ವೇಗ, ಉಷ್ಣತೆಗಳನ್ನು ಓದಿ ಬರೆದಿಡುವ ಒಬಿಡಿ ಸಾಧನದ ದಾಖಲೆಯನ್ನು ನಿಧಾನವಾಗಿ ನೋಡಿದಾಗ, ಆ ಎರಡು ವಾರ ನಾನು 75ನ್ನು ದಾಟಿಯೇ ಇರಲಿಲ್ಲ ಎಂಬುದು ತಿಳಿಯಿತು. 75 ದಾಟಿದೊಡನೆ ಮುಚ್ಚಳಗಳು ತಾಳ ಬಡಿದಂತೆ ಗಡಗಡಿಸುತ್ತಿದ್ದುದರಿಂದ ನನ್ನ ಕಾಲು ತಾನಾಗಿಯೇ ಹಿಂಜರಿದಿತ್ತು. ರಬ್ಬರ್ ವಾಷರು ಹಾಕಿ ಸದ್ದು ಅಡಗಿಸಿ, ಮತ್ತೆ 80ರಲ್ಲಿ ಓಡಿಸಿದಾಗ ಮೈಲೇಜು 20.1ಕ್ಕೆ ಮರಳಿತು. ಅಂದಿನಿಂದ ಯಾವ ಮಾರ್ಪಾಡನ್ನೂ ಒಮ್ಮೆ ಹಾಕಿ, ತೆಗೆದು, ಮತ್ತೆ ಹಾಕಿ, ಮೂರೂ ಸಲ ಅದೇ ವೇಗದಲ್ಲಿ ಓಡಿಸಿ ನೋಡದೆ ಬಾಯಿ ಬಿಡುವುದಿಲ್ಲ.

ಮುಂದಿನ ಗ್ರಿಲ್ ಮುಚ್ಚುವ ಉಪಾಯ ಚಳಿದೇಶದವರದು. ಅಲ್ಲಿ ಎಂಜಿನ್ ಬೇಗ ಬಿಸಿಯಾಗುವ ಲಾಭವೂ ಸೇರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಹೊಂದಲಿಲ್ಲ. ರೇಡಿಯೇಟರಿನ ಮುಂದೆಯೇ ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಇರುವುದರಿಂದ, ಗಾಳಿ ಸಾಲದೆ ಎಸಿ ಹೆಚ್ಚು ದುಡಿಯತೊಡಗಿತು, ಫ್ಯಾನು ನಿಲ್ಲದೆ ತಿರುಗಿತು. ಆಗುಂಬೆ ಘಾಟಿ ಏರುವಾಗ ಶೀತಕದ ಉಷ್ಣತೆ 104 ಡಿಗ್ರಿ ಮುಟ್ಟಿದ್ದನ್ನು ನೋಡಿ, ನಾಲ್ಕನೆಯ ತಿರುವಿನಲ್ಲೇ ಗಾಡಿ ನಿಲ್ಲಿಸಿ ಶೀಟನ್ನು ಕಿತ್ತು ಡಿಕ್ಕಿಗೆ ಎಸೆದೆ.

ಗಾಳಿ ಕಾರಿನ ತಳದ ಏರುತಗ್ಗುಗಳಿಗೆ ಸಿಕ್ಕಿಕೊಳ್ಳದಂತೆ ಹೊಟ್ಟೆಯಡಿಗೆ ಹಾಕಿದ ಹೊದಿಕೆಯಲ್ಲಿ ಮಾತ್ರ ತಾಳ್ಮೆಗೆ ಫಲ ಸಿಕ್ಕಿತು. ಮೊದಲು ಕೇಬಲ್ ಟೈಗಳಿಂದ ಕಟ್ಟಿದ ಸನ್‌ಪ್ಯಾಕ್ ಸೈಲೆನ್ಸರ್ ಪೈಪಿನ ಬಳಿ ಕರಗಿ ವಾಸನೆ ಬಂತು. ಉಳಿದ ಭಾಗ ಮೊದಲ ಮಳೆಗೆ ಕೆಸರು ತುಂಬಿಕೊಂಡು, ಸರ್ವಿಸ್ ರಸ್ತೆಯ ಉಬ್ಬಿಗೆ ಉಜ್ಜಿ ನೇತಾಡಿತು. ಎರಡನೆಯ ಸಲ ಒಂದು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡನ್ನು ಎಂಜಿನ್ನಿನ ಕೆಳಗೆ ಮಾತ್ರ ಬೋಲ್ಟಿನಿಂದ ಬಿಗಿದೆ. ಪೈಪಿನಿಂದ ದೂರ ಇಟ್ಟು, ಆಯಿಲ್ ಇಳಿಸುವ ಬೋಲ್ಟಿಗೆ ಕಿಂಡಿಯನ್ನೂ, ನೀರು ಹೋಗಲು ತೂತುಗಳನ್ನೂ ಬಿಟ್ಟೆ. ಗಾಳಿ ಕಾರಿನ ಕೆಳಕ್ಕೆ ನುಗ್ಗದಂತೆ ಮುಂದಿನ ಬಂಪರಿನ ಅಡಿಗೆ ಲಾರಿಯ ಮಡ್‌ಫ್ಲ್ಯಾಪಿನ ರಬ್ಬರನ್ನು ಐದು ಸೆಂಟಿಮೀಟರ್ ಇಳಿಬಿಟ್ಟೆ. ರಸ್ತೆಯ ಉಬ್ಬಿಗೆ ತಾಗಿದರೂ ಅದು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಎರಡೂ ಸೇರಿ ಹದಿನೆಂಟೂವರೆ ಸೆಕೆಂಡನ್ನು ಹತ್ತೊಂಬತ್ತಕ್ಕೆ ತಂದವು. ಟ್ಯಾಂಕಿನ ಲೆಕ್ಕದಲ್ಲಿ ಅದು 20.4 ಎಂದು ಕಂಡರೂ, ಇಷ್ಟು ಸಣ್ಣ ವ್ಯತ್ಯಾಸ ಪಂಪಿನ ಅಳತೆಯ ಏರುಪೇರಿನಲ್ಲೇ ಮುಳುಗಿಹೋಗಬಹುದು ಎಂಬ ಅನುಮಾನ ನನಗೆ ಇದ್ದೇ ಇದೆ.

ಈಗ ಗಾಡಿಯ ಮೇಲೆ ಉಳಿದಿರುವುದು ತಗಡು ಮತ್ತು ರಬ್ಬರು ಮಾತ್ರ. ಎಡ ಪಥದಲ್ಲಿ 70ಕ್ಕೆ ಹೋಗುತ್ತೇನೆ, 22ರ ಮೇಲೆ ಬರುತ್ತಿದೆ. ಕಚೇರಿ ತಲುಪಲು ಹಿಂದಿಗಿಂತ ಐದಾರು ನಿಮಿಷ ಹೆಚ್ಚು ಬೇಕಾಗುತ್ತದೆ. ಮಳೆಗಾಲ ಮುಗಿದೊಡನೆ ತಗಡನ್ನು ಇಳಿಸಿ ಒಳಗೆ ತುಕ್ಕು ಹಿಡಿದಿದೆಯೇ ಎಂದು ನೋಡಬೇಕಾಗಿದೆ.